ಸೇನಾ ಹೆಲಿಕಾಪ್ಟರ್ ಹಾರಿಸುವ ಹೆಣ್ಣುಮಗಳು: ಸೇರುವುದು ಹೇಗೆ, ಕಲಿಯುವುದೇನು, ಎಷ್ಟು ವರ್ಷದ ಕೆಲಸ?

2025ರ ಮೇ 7ರ ಬೆಳಿಗ್ಗೆ ಟಿ.ವಿ. ಮುಂದೆ ಕೂತಿದ್ದವರಿಗೆಲ್ಲ ನೆನಪಿರುತ್ತದೆ. ‘ಆಪರೇಷನ್ ಸಿಂಧೂರ’ದ ವಿವರ ಹೇಳಲು ವಿದೇಶಾಂಗ ಕಾರ್ಯದರ್ಶಿಯ ಜೊತೆ ಇಬ್ಬರು ಮಹಿಳಾ ಅಧಿಕಾರಿಗಳು ಬಂದರು. ಒಬ್ಬರು ಭೂಸೇನೆಯ ಕರ್ನಲ್ ಸೋಫಿಯಾ ಖುರೇಷಿ, ಇನ್ನೊಬ್ಬರು ವಾಯುಪಡೆಯ ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್. ಮಧ್ಯಾಹ್ನದ ಹೊತ್ತಿಗೆ ವ್ಯೋಮಿಕಾ ಅವರ ಪರಿಚಯ ಎಲ್ಲರ ಮೊಬೈಲ್‌ನಲ್ಲೂ ಓಡಾಡುತ್ತಿತ್ತು: ಚೇತಕ್, ಚೀತಾ ಹೆಲಿಕಾಪ್ಟರ್‌ಗಳ ಪೈಲಟ್, 2,500 ಗಂಟೆಗೂ ಹೆಚ್ಚು ಹಾರಾಟ, ಸಾಲದ್ದಕ್ಕೆ ಹೆಸರಲ್ಲೇ ವ್ಯೋಮ.

ನಮ್ಮ ಮನೆ ಯಲಹಂಕದ ಕಡೆ. ಹೆಲಿಕಾಪ್ಟರ್ ಸದ್ದು ನಮಗೆ ತರಕಾರಿ ಗಾಡಿಯ ಕೂಗಿನಷ್ಟೇ ಮಾಮೂಲು, ತಲೆ ಎತ್ತಿ ನೋಡುವುದನ್ನೂ ಬಿಟ್ಟಿದ್ದೇವೆ. ಅವತ್ತು ಸಂಜೆ ಪಕ್ಕದ ಮನೆಯ ಸೆಕೆಂಡ್ ಪಿಯುಸಿ ಹುಡುಗಿ ಕಾಂಪೌಂಡ್ ಹತ್ತಿರ ನಿಂತು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದಳು. “ಅಂಕಲ್, ಹೆಲಿಕಾಪ್ಟರ್ ಅಂದ್ರೆ ಫೈಟರ್ ಅಲ್ವಲ್ಲ, ಯುದ್ಧ ಆದಾಗ ಅವರು ಏನು ಮಾಡ್ತಾರೆ? ಇದಕ್ಕೆ ಯಾವ ಪರೀಕ್ಷೆ ಬರೀಬೇಕು? ಹದಿನಾಲ್ಕು ವರ್ಷ ಆದ ಮೇಲೆ ಮನೆಗೆ ಕಳಿಸಿಬಿಡ್ತಾರಂತೆ, ನಿಜಾನಾ?”

ಅವಳಪ್ಪನಿಗೂ ಉತ್ತರ ಗೊತ್ತಿರಲಿಲ್ಲ, ನನಗೂ ಪೂರ್ತಿ ಗೊತ್ತಿರಲಿಲ್ಲ. ಓದುತ್ತಾ ಹೋದ ಹಾಗೆ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು ಎಂದು ತಿಳಿಯಿತು. ಹೆಣ್ಣುಮಕ್ಕಳು ಸೇನೆಯ ವಿಮಾನ ಹಾರಿಸಬಲ್ಲರೇ ಎಂಬುದು 1994ರಲ್ಲೇ ಇತ್ಯರ್ಥವಾಗಿತ್ತು. ಎಷ್ಟು ವರ್ಷ ಹಾರಿಸಬಹುದು ಎಂಬುದು ಇತ್ಯರ್ಥವಾಗಲು ಅಲ್ಲಿಂದ ಮುಂದೆ ಇಪ್ಪತ್ತೈದು ವರ್ಷ ಹಿಡಿಯಿತು.

ಮೊದಲು ಪದಗಳ ಸಿಕ್ಕು ಬಿಡಿಸೋಣ

ವಾಯುಪಡೆಯಲ್ಲಿ ವಿಮಾನ ಹಾರಿಸುವವರೆಲ್ಲ ಅಧಿಕಾರಿಗಳೇ. ಅವರ ವಿಭಾಗಕ್ಕೆ ಫ್ಲೈಯಿಂಗ್ ಬ್ರಾಂಚ್ ಎಂದು ಹೆಸರು. ಅದರೊಳಗೆ ಮೂರು ಕವಲು: ಫೈಟರ್, ಟ್ರಾನ್ಸ್‌ಪೋರ್ಟ್, ಹೆಲಿಕಾಪ್ಟರ್. ಫೈಟರ್ ಎಂದರೆ ಯುದ್ಧ ವಿಮಾನ, ಟ್ರಾನ್ಸ್‌ಪೋರ್ಟ್ ಎಂದರೆ ಸೈನಿಕರನ್ನೂ ಸಾಮಾನನ್ನೂ ಹೊರುವ ದೊಡ್ಡ ವಿಮಾನ. ತರಬೇತಿಯ ನಡುವೆ ಯಾರಿಗೆ ಯಾವ ಕವಲು ಎಂದು ತೀರ್ಮಾನವಾಗುತ್ತದೆ. ಒಮ್ಮೆ ಹಿಡಿದ ಕವಲನ್ನು ಸಾಮಾನ್ಯವಾಗಿ ಬದಲಿಸುವುದಿಲ್ಲ.

‘ಕಮಿಷನ್’ ಎಂದಾಗ ನಮಗೆ ಮಂಡಿಯ ದಲ್ಲಾಳಿ ನೆನಪಾಗುತ್ತಾನೆ. ಸೇನೆಯಲ್ಲಿ ಅದು ರಾಷ್ಟ್ರಪತಿಯ ಹೆಸರಿನಲ್ಲಿ ಸಿಗುವ ಅಧಿಕಾರಪತ್ರ. ಅದರಲ್ಲಿ ಎರಡು ಬಗೆ. ಶಾರ್ಟ್ ಸರ್ವಿಸ್ ಕಮಿಷನ್‌ಗೆ ಅವಧಿ ಗೊತ್ತು ಮಾಡಿರುತ್ತಾರೆ, ವಾಯುಪಡೆಯ ಪೈಲಟ್‌ಗಳಿಗೆ ಅದು 14 ವರ್ಷ. ಪರ್ಮನೆಂಟ್ ಕಮಿಷನ್ ಆದರೆ ನಿವೃತ್ತಿಯ ವಯಸ್ಸಿನವರೆಗೂ ಇರಬಹುದು. ನಮ್ಮ ಸರ್ಕಾರಿ ಕಚೇರಿಗಳ ಗುತ್ತಿಗೆ ನೌಕರ ಮತ್ತು ಕಾಯಂ ನೌಕರ ಎಂದುಕೊಂಡರೆ ಹೆಚ್ಚು ತಪ್ಪಾಗದು. ಆದರೆ ಇಲ್ಲಿ ಇಬ್ಬರ ಸಂಬಳ, ಸಮವಸ್ತ್ರ, ಅಪಾಯ ಮೂರೂ ಒಂದೇ.

ಇನ್ನು ರ‍್ಯಾಂಕ್. ಸೇರುವಾಗ ಫ್ಲೈಯಿಂಗ್ ಆಫೀಸರ್. ಎರಡು ವರ್ಷಕ್ಕೆ ಫ್ಲೈಟ್ ಲೆಫ್ಟಿನೆಂಟ್, ಆರಕ್ಕೆ ಸ್ಕ್ವಾಡ್ರನ್ ಲೀಡರ್, ಹದಿಮೂರಕ್ಕೆ ವಿಂಗ್ ಕಮಾಂಡರ್. ಇಷ್ಟು ಬಡ್ತಿ ಸೇವಾವಧಿ ನೋಡಿ ಸಿಗುತ್ತದೆ. ಅದರ ಮೇಲಿನ ಗ್ರೂಪ್ ಕ್ಯಾಪ್ಟನ್ ಹುದ್ದೆಗೆ ಆಯ್ಕೆ ನಡೆಯುತ್ತದೆ. 13 ಮತ್ತು 14, ಈ ಎರಡು ಅಂಕಿ ನೆನಪಿರಲಿ, ಮುಂದೆ ಬೇಕಾಗುತ್ತವೆ. ಗೊಂದಲ ಹುಟ್ಟಿಸುವ ಇನ್ನೊಂದು ಪದ ‘ಕ್ಯಾಪ್ಟನ್’. ಭೂಸೇನೆಯಲ್ಲಿ ಅದು ಒಂದು ರ‍್ಯಾಂಕ್. ಹೆಲಿಕಾಪ್ಟರ್‌ನ ಒಳಗೆ ಮಾತ್ರ, ಯಾವ ರ‍್ಯಾಂಕಿನವರೇ ಆಗಲಿ, ಆ ಹಾರಾಟದ ಹೊಣೆ ಹೊತ್ತವರೇ ಕ್ಯಾಪ್ಟನ್.

ನಿಂತಲ್ಲೇ ನಿಲ್ಲುವುದು ಎಲ್ಲಕ್ಕಿಂತ ಕಷ್ಟ

ವಿಮಾನ ಮುಂದಕ್ಕೆ ಓಡಿದರೆ ಮಾತ್ರ ಅದರ ರೆಕ್ಕೆಗೆ ಗಾಳಿ ಸಿಕ್ಕಿ ಮೇಲೇಳುತ್ತದೆ. ಹೆಲಿಕಾಪ್ಟರ್ ತನ್ನ ರೆಕ್ಕೆಯನ್ನೇ ಗಿರಗಿರ ತಿರುಗಿಸಿ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಹಾಗಾಗಿ ಅದಕ್ಕೆ ರನ್‌ವೇ ಬೇಡ, ಆಕಾಶದಲ್ಲಿ ನಿಂತಲ್ಲೇ ನಿಲ್ಲಬಲ್ಲದು. ಹೀಗೆ ನಿಲ್ಲುವುದಕ್ಕೆ ಪೈಲಟ್‌ಗಳು ಹೋವರ್ ಎನ್ನುತ್ತಾರೆ. ನೆಲದಿಂದ ನೋಡುವವರಿಗೆ ಅದು ಆರಾಮವಾಗಿ ನಿಂತ ಹಾಗೆ ಕಾಣುತ್ತದೆ. ಒಳಗೆ ಕೂತವರ ಎರಡು ಕೈಗೂ ಎರಡು ಕಾಲಿಗೂ ಒಂದು ಕ್ಷಣ ಬಿಡುವಿರುವುದಿಲ್ಲ.

ಪೈಲಟ್‌ನ ಎಡಗೈ ಪಕ್ಕದಲ್ಲಿ, ಕಾರಿನ ಹ್ಯಾಂಡ್‌ಬ್ರೇಕ್ ಇರುವ ಹಾಗೆ, ಒಂದು ಸನ್ನೆಕೋಲು ಇರುತ್ತದೆ. ಹೆಸರು ಕಲೆಕ್ಟಿವ್. ಅದನ್ನು ಎತ್ತಿದರೆ ಮೇಲಿನ ಎಲ್ಲ ಬ್ಲೇಡುಗಳೂ ಒಟ್ಟಿಗೆ ಹೆಚ್ಚು ಓರೆಯಾಗಿ ಗಾಳಿಯನ್ನು ಜೋರಾಗಿ ತಳ್ಳುತ್ತವೆ, ಹೆಲಿಕಾಪ್ಟರ್ ಏಳುತ್ತದೆ. ಎರಡು ಮಂಡಿಗಳ ನಡುವೆ, ಬಲಗೈಯಲ್ಲಿ ಹಿಡಿಯುವ ಕೋಲು ಸೈಕ್ಲಿಕ್. ಅದನ್ನು ಯಾವ ಕಡೆ ಬಾಗಿಸಿದರೆ ಯಂತ್ರ ಆ ಕಡೆ ಹೋಗುತ್ತದೆ. ಕಾಲ ಕೆಳಗಿನ ಎರಡು ಪೆಡಲ್‌ಗಳು ಬಾಲದ ಪುಟ್ಟ ರೋಟರ್‌ಗೆ ಸಂಬಂಧಪಟ್ಟವು.

ಬಾಲದಲ್ಲಿ ಅದೊಂದು ಪುಟ್ಟ ಫ್ಯಾನ್ ಯಾಕೆ? ಎಣ್ಣೆ ಚೆಲ್ಲಿದ ನೆಲದ ಮೇಲೆ ಕೂತು ದೊಡ್ಡ ಬೀಸುಕಲ್ಲು ತಿರುಗಿಸುವುದನ್ನು ಊಹಿಸಿಕೊಳ್ಳಿ. ಕಲ್ಲು ಒಂದು ಕಡೆ ತಿರುಗಿದರೆ ನೀವು ಇನ್ನೊಂದು ಕಡೆ ಜಾರುತ್ತೀರಿ. ಮೇಲಿನ ರೋಟರ್ ಬೀಸುಕಲ್ಲಿದ್ದಂತೆ, ಹೆಲಿಕಾಪ್ಟರಿನ ಒಡಲು ನೀವಿದ್ದಂತೆ. ಬಾಲದ ರೋಟರ್ ಅಡ್ಡಕ್ಕೆ ಗಾಳಿ ತಳ್ಳಿ ಒಡಲು ಸುತ್ತದ ಹಾಗೆ ಹಿಡಿದಿಡುತ್ತದೆ.

ಕಷ್ಟ ಏನೆಂದರೆ, ಈ ಮೂರೂ ಒಂದಕ್ಕೊಂದು ಅಂಟಿಕೊಂಡಿವೆ. ಕಲೆಕ್ಟಿವ್ ಎತ್ತಿದ ಕೂಡಲೇ ಮೂತಿ ತಿರುಗಲು ನೋಡುತ್ತದೆ, ಪೆಡಲ್ ಒತ್ತಬೇಕು. ಪೆಡಲ್ ಒತ್ತಿದರೆ ಇಡೀ ಯಂತ್ರ ಪಕ್ಕಕ್ಕೆ ಸರಿಯುತ್ತದೆ, ಸೈಕ್ಲಿಕ್‌ನಲ್ಲಿ ಸರಿಪಡಿಸಬೇಕು. ಸೈಕ್ಲಿಕ್ ಬಾಗಿಸಿದರೆ ಎತ್ತರ ಸ್ವಲ್ಪ ಇಳಿಯುತ್ತದೆ, ಮತ್ತೆ ಕಲೆಕ್ಟಿವ್. ಅಂಗೈ ಮೇಲೆ ಉದ್ದನೆಯ ಕೋಲು ನಿಲ್ಲಿಸುವ ಆಟ ಆಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಕೋಲು ಬೀಳಲು ಶುರುವಾದ ಮೇಲೆ ಕೈ ಆಡಿಸಿದರೆ ತಡವಾಯಿತು, ಬೀಳುವ ಮುಂಚೆಯೇ ಕೈಗೆ ಗೊತ್ತಾಗಬೇಕು. ಅದಕ್ಕೇ ತರಬೇತಿಯ ಶುರುವಿನಲ್ಲಿ ಶಿಕ್ಷಕರು ಮೂರನ್ನೂ ಒಟ್ಟಿಗೆ ಕೊಡುವುದಿಲ್ಲ. ಮೊದಲು ಪೆಡಲ್ ಮಾತ್ರ ನೀನು ನೋಡಿಕೋ, ಉಳಿದದ್ದು ನನಗಿರಲಿ. ಆಮೇಲೆ ಕಲೆಕ್ಟಿವ್, ಆಮೇಲೆ ಸೈಕ್ಲಿಕ್. ಮೂರೂ ಕೈಗೆ ಬಂದ ಮೊದಲ ದಿನ ದೊಡ್ಡ ಮೈದಾನವೇ ಸಾಲದು ಎನ್ನುವ ಹಾಗೆ ಯಂತ್ರ ಅಲ್ಲಿಂದಿಲ್ಲಿಗೆ ತೂರಾಡುತ್ತದೆ.

ಹೆಣ್ಣುಮಕ್ಕಳ ಕೈಬಲ ಇದಕ್ಕೆ ಸಾಲುತ್ತದೆಯೇ ಎಂದು ಈಗಲೂ ಕೇಳುವವರಿದ್ದಾರೆ. ಈ ಸನ್ನೆಗಳನ್ನು ಆಡಿಸಲು ಹೈಡ್ರಾಲಿಕ್ ನೆರವಿದೆ, ಬೆರಳ ತುದಿಯ ಹಿಡಿತ ಸಾಕು. ಇಲ್ಲಿ ಬೇಕಿರುವುದು ನಾಜೂಕು. ಜೋರು ಮಾಡಿದವರೇ ಹೋವರ್ ಕೆಡಿಸಿಕೊಳ್ಳುತ್ತಾರೆ.

ಎಂಜಿನ್ ಕೈಕೊಟ್ಟರೆ?

ಹೆಲಿಕಾಪ್ಟರ್ ಕಲ್ಲಿನ ಹಾಗೆ ಬೀಳುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಹಾಗಾಗಬೇಕೆಂದಿಲ್ಲ. ಬೆಂಗಳೂರಿನ ರಸ್ತೆ ಬದಿಯ ಮಹಾಗನಿ ಮರಗಳಿಂದ ರೆಕ್ಕೆಯ ಬೀಜಗಳು ತಿರುಗುತ್ತಾ ನಿಧಾನಕ್ಕೆ ಇಳಿಯುವುದನ್ನು ನೋಡಿದ್ದೀರಲ್ಲ, ಅದೇ ವಿದ್ಯೆ. ಎಂಜಿನ್ ನಿಂತ ಕೂಡಲೇ ಪೈಲಟ್ ಕಲೆಕ್ಟಿವ್ ಇಳಿಸುತ್ತಾರೆ. ಆಗ ಕೆಳಗಿನಿಂದ ನುಗ್ಗುವ ಗಾಳಿಯೇ ರೋಟರನ್ನು ತಿರುಗಿಸುತ್ತಿರುತ್ತದೆ. ನೆಲ ಹತ್ತಿರವಾದಾಗ ಆ ತಿರುಗುವಿಕೆಯಲ್ಲಿ ಕೂಡಿಟ್ಟ ಶಕ್ತಿಯನ್ನು ಒಂದೇ ಸಲಕ್ಕೆ ಖರ್ಚು ಮಾಡಿ ಮೆತ್ತಗೆ ಇಳಿಯಬೇಕು. ಎರಡನೇ ಅವಕಾಶ ಇಲ್ಲ. ಇದಕ್ಕೆ ಆಟೋರೊಟೇಷನ್ ಎಂದು ಹೆಸರು. ಪ್ರತಿ ಹೆಲಿಕಾಪ್ಟರ್ ಪೈಲಟ್ ಇದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಲೇಬೇಕು.

1972ರ ಜೂನ್ 21ರಂದು ಫ್ರಾನ್ಸಿನ ಪೈಲಟ್ ಜಾನ್ ಬುಲೆ ‘ಲಾಮಾ’ ಎಂಬ ಪುಟ್ಟ ಹೆಲಿಕಾಪ್ಟರನ್ನು 12,442 ಮೀಟರ್ ಎತ್ತರಕ್ಕೆ ಏರಿಸಿ ದಾಖಲೆ ಮಾಡಿದರು. ಎವರೆಸ್ಟ್‌ಗಿಂತ ಮೂರೂವರೆ ಕಿಲೋಮೀಟರ್ ಮೇಲೆ! ಅಲ್ಲಿ ಎಂಜಿನ್ ಆರಿಹೋಯಿತು. ಅಷ್ಟೂ ಎತ್ತರದಿಂದ ಆಟೋರೊಟೇಷನ್‌ನಲ್ಲೇ ಇಳಿದು ಬಂದರು. ಆ ಲಾಮಾವನ್ನೇ ಬೆಂಗಳೂರಿನ ಎಚ್‌ಎಎಲ್ ಪರವಾನಗಿ ಪಡೆದು ತಯಾರಿಸಿತು. ಅದೇ ನಮ್ಮ ಚೀತಾ.

ಒಳಗೆ ಹೋಗುವ ಬಾಗಿಲುಗಳು

ಪದವಿ ಮುಗಿಸಿದವರಿಗೆ ಮುಖ್ಯ ಬಾಗಿಲು ಎಎಫ್‌ಕ್ಯಾಟ್, ಅಂದರೆ ವಾಯುಪಡೆಯ ಸಾಮಾನ್ಯ ಪ್ರವೇಶ ಪರೀಕ್ಷೆ. ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಪೈಲಟ್ ಆಗಬೇಕೆಂದರೆ ವಯಸ್ಸು 20ರಿಂದ 24ರೊಳಗೆ ಇರಬೇಕು, ಪಿಯುಸಿಯಲ್ಲಿ ಗಣಿತ ಮತ್ತು ಭೌತವಿಜ್ಞಾನ ಓದಿರಬೇಕು. ಪದವಿ ಯಾವುದಾದರೂ ಆದೀತು. ಬಿ.ಕಾಂ. ಮಾಡಿದವರೂ ಅರ್ಜಿ ಹಾಕಬಹುದು, ಆದರೆ ಪಿಯುಸಿಯಲ್ಲಿ ಕಾಮರ್ಸ್ ಹಿಡಿದವರಿಗೆ ಈ ಬಾಗಿಲು ಮುಚ್ಚಿದಂತೆ. ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಇದು ಗೊತ್ತಾಗುವುದೇ ತಡವಾಗಿ. ಇಪ್ಪತ್ತೈದರೊಳಗಿನವರಿಗೆ ಮದುವೆ ಆಗಿರಬಾರದು, ತರಬೇತಿ ಮುಗಿಯುವವರೆಗೆ ಆಗುವಂತೆಯೂ ಇಲ್ಲ.

ಎನ್‌ಸಿಸಿಯ ಏರ್ ವಿಂಗ್‌ನಲ್ಲಿ ‘ಸಿ’ ಸರ್ಟಿಫಿಕೇಟ್ ಪಡೆದವರಿಗೆ ಬೇರೆ ದಾರಿ ಇದೆ. ಪಿಯುಸಿ ಮುಗಿಸಿದ ಕೂಡಲೇ ಹೋಗಬೇಕೆಂದರೆ ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಸುಪ್ರೀಂ ಕೋರ್ಟ್ 2021ರಲ್ಲಿ ಕೊಟ್ಟ ಆದೇಶದ ನಂತರ ಎನ್‌ಡಿಎ ಹೆಣ್ಣುಮಕ್ಕಳಿಗೆ ತೆರೆಯಿತು. 2022ರಲ್ಲಿ ಸೇರಿದ ಮೊದಲ ತಂಡದ 17 ಮಂದಿ 2025ರ ಮೇ 30ರಂದು ಪುಣೆಯ ಖಡಕ್‌ವಾಸ್ಲಾದಿಂದ ಹೊರಬಂದರು. ಆ ಹಾದಿಯಲ್ಲಿ ಹೋದವರಿಗೆ ಸಿಗುವುದು ಪರ್ಮನೆಂಟ್ ಕಮಿಷನ್.

ಲಿಖಿತ ಪರೀಕ್ಷೆ ದಾಟಿದವರಿಗೆ ಆಯ್ಕೆ ಮಂಡಳಿಯ ಸಂದರ್ಶನ. ಇಂಥ ಮಂಡಳಿಗಳಲ್ಲಿ ಒಂದು ಮೈಸೂರಿನಲ್ಲೇ ಇದೆ. ಸಂದರ್ಶನ ಎಂದರೆ ಹತ್ತು ನಿಮಿಷದ ಮಾತಲ್ಲ. ಕೆಲವು ದಿನ ಅಲ್ಲೇ ಉಳಿಯಬೇಕು. ಮನೋವೈಜ್ಞಾನಿಕ ಪರೀಕ್ಷೆ, ಗುಂಪಿನಲ್ಲಿ ಹಗ್ಗ-ಹಲಗೆ ಹಿಡಿದು ಅಡ್ಡಿ ದಾಟುವ ಕೆಲಸ, ದೀರ್ಘ ಮಾತುಕತೆ. ಪೈಲಟ್ ಆಗುವವರಿಗೆ ಇದರ ಜೊತೆಗೆ ಇನ್ನೊಂದು ಯಂತ್ರಪರೀಕ್ಷೆ ಇದೆ, ಸಿಪಿಎಸ್‌ಎಸ್. ಪರದೆಯ ಮೇಲೆ ಹಲವು ಕೆಲಸ ಒಟ್ಟಿಗೆ ಬರುತ್ತವೆ. ಕೈ, ಕಾಲು, ಕಣ್ಣು, ಕಿವಿ ಎಷ್ಟು ಹೊಂದಿಕೊಂಡು ಓಡುತ್ತವೆ ಎಂದು ಅಳೆಯುತ್ತಾರೆ. ಇದನ್ನು ಜೀವಮಾನದಲ್ಲಿ ಒಂದೇ ಸಲ ಬರೆಯಬಹುದು. ಫೇಲಾದರೆ ವಾಯುಪಡೆಯ ಬೇರೆ ವಿಭಾಗಗಳಿಗೆ ಪ್ರಯತ್ನಿಸಬಹುದು, ಪೈಲಟ್ ಆಸೆ ಮಾತ್ರ ಅಲ್ಲಿಗೆ ಮುಗಿಯಿತು.

ಆಮೇಲೆ ವೈದ್ಯಕೀಯ ಪರೀಕ್ಷೆ. ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಅಥವಾ ದಿಲ್ಲಿಯಲ್ಲಿ ನಡೆಯುತ್ತದೆ. ಇಲ್ಲಿ ಟೇಪು ಹಿಡಿದು ಅಳೆಯುವುದೇ ಒಂದು ಅಧ್ಯಾಯ. ಎತ್ತರ ಕನಿಷ್ಠ 162.5 ಸೆಂ.ಮೀ., ಕಾಲಿನ ಉದ್ದ 99ರಿಂದ 120 ಸೆಂ.ಮೀ. ಒಳಗೆ, ಕೂತಾಗಿನ ಎತ್ತರಕ್ಕೂ ತೊಡೆಯ ಉದ್ದಕ್ಕೂ ಮಿತಿ ಉಂಟು. ಕಾಲು ಪೆಡಲಿಗೆ ಎಟುಕಬೇಕು, ತಲೆ ಮೇಲೆ ತಗಲಬಾರದು, ಅಷ್ಟೇ ಇದರ ಹಿಂದಿನ ಲೆಕ್ಕ. ಬಣ್ಣ ಗುರುತಿಸುವುದರಲ್ಲಿ ದೋಷವಿದ್ದರೆ ಪೈಲಟ್ ಸೀಟು ಸಿಗದು.

ದುಂಡಿಗಲ್, ಹಕೀಂಪೇಟೆ, ಯಲಹಂಕ

ಎಲ್ಲ ದಾರಿಗಳೂ ಹೈದರಾಬಾದ್ ಹತ್ತಿರದ ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ ಸೇರುತ್ತವೆ. ಹೆಲಿಕಾಪ್ಟರ್ ಕನಸು ಹೊತ್ತು ಬಂದವರೂ ಮೊದಲು ಕಲಿಯುವುದು ವಿಮಾನವನ್ನೇ. ಪಿಲಾಟಸ್ ಎಂಬ ಎರಡು ಸೀಟಿನ ತರಬೇತಿ ವಿಮಾನದಲ್ಲಿ ಏರಿ, ಇಳಿದು, ಒಂದು ದಿನ ಹಿಂದಿನ ಸೀಟು ಖಾಲಿ ಬಿಟ್ಟು ಒಬ್ಬರೇ ಹಾರಬೇಕು. ಅಂಕ, ಇಲಾಖೆಯ ಅಗತ್ಯ, ಅಭ್ಯರ್ಥಿಯ ಇಷ್ಟ ಮೂರನ್ನೂ ನೋಡಿ ಕವಲು ಹಂಚುತ್ತಾರೆ. ಫೈಟರ್ ಕವಲಿನವರು ಮುಂದೆ ನಮ್ಮ ಬೀದರ್‌ಗೆ ಬಂದು ಹಾಕ್ ವಿಮಾನ ಕಲಿಯುತ್ತಾರೆ. ಹೆಲಿಕಾಪ್ಟರ್‌ನವರು ಹಕೀಂಪೇಟೆಯ ಶಾಲೆಗೆ ಹೋಗುತ್ತಾರೆ. ಮೇಲೆ ಹೇಳಿದ ತೂರಾಟ, ಹೋವರ್, ಆಟೋರೊಟೇಷನ್ ಎಲ್ಲ ನಡೆಯುವುದು ಅಲ್ಲಿ, ಚೇತಕ್ ಮೇಲೆ. ಚೇತಕ್ 1960ರ ದಶಕದಿಂದ ಎಚ್‌ಎಎಲ್ ಕಟ್ಟುತ್ತಾ ಬಂದ ಯಂತ್ರ, ಅಜ್ಜಿಯ ಕಾಲದ್ದು ಎಂದರೂ ತಪ್ಪಿಲ್ಲ. ಎಲ್ಲ ಮುಗಿಸಿದವರ ಎದೆಗೆ ಪದವಿ ಪರೇಡ್‌ನಲ್ಲಿ ರೆಕ್ಕೆಯ ಲಾಂಛನ ಬರುತ್ತದೆ.

ಮಧ್ಯಮ ಗಾತ್ರದ ಎಂಐ-17ಕ್ಕೆ ಹೋಗುವವರು ಯಲಹಂಕಕ್ಕೆ ಬರುತ್ತಾರೆ. ನಮ್ಮ ಮನೆ ಮೇಲೆ ಬಟ್ಟೆ ಒಣಹಾಕಿದ ಹೊತ್ತಿಗೇ ಸುತ್ತು ಹಾಕುವ ಗುಡುಗು ಇವರದೇ ಇರಬಹುದು. ಯಲಹಂಕದ 112 ಹೆಲಿಕಾಪ್ಟರ್ ಯೂನಿಟ್‌ನಲ್ಲಿ ಕೋರ್ಸ್ ಮುಗಿಸಿಯೇ 2019ರ ಫೆಬ್ರುವರಿಯಲ್ಲಿ ಫ್ಲೈಟ್ ಲೆಫ್ಟಿನೆಂಟ್ ಹೀನಾ ಜೈಸ್ವಾಲ್ ವಾಯುಪಡೆಯ ಮೊದಲ ಮಹಿಳಾ ಫ್ಲೈಟ್ ಎಂಜಿನಿಯರ್ ಆದರು. ಫ್ಲೈಟ್ ಎಂಜಿನಿಯರ್ ಹಾರಿಸುವವರಲ್ಲ. ಹಾರುತ್ತಿರುವ ಯಂತ್ರದ ಆರೋಗ್ಯ ನೋಡಿಕೊಳ್ಳುವವರು. ಅದೇ ವರ್ಷ ಮೇ 27ರಂದು ಪಾರುಲ್ ಭಾರದ್ವಾಜ್ ಕ್ಯಾಪ್ಟನ್ ಆಗಿ, ಅಮನ್ ನಿಧಿ ಕೋ-ಪೈಲಟ್ ಆಗಿ, ಹೀನಾ ಎಂಜಿನಿಯರ್ ಆಗಿ ಎಂಐ-17 ವಿ5 ಹಾರಿಸಿದರು. ಪೂರ್ತಿ ಹೆಣ್ಣುಮಕ್ಕಳದ್ದೇ ತಂಡ ಈ ಹೆಲಿಕಾಪ್ಟರನ್ನು ಹಾರಿಸಿದ್ದು ಅದೇ ಮೊದಲು. ಹಕೀಂಪೇಟೆ ಮುಗಿಸಿ ಯಲಹಂಕದಲ್ಲಿ ಪಳಗಿದ ಪೈಲಟ್‌ಗಳು ಅವರು. ಪಾರುಲ್ ಮುಂದೆ ಸ್ವಾತಿ ರಾಥೋಡ್ ಜೊತೆ ಚಿನೂಕ್‌ಗೂ ಹೋದರು. ಎರಡು ದೊಡ್ಡ ರೋಟರ್‌ಗಳ, ಫಿರಂಗಿಯನ್ನೇ ನೇತುಹಾಕಿಕೊಂಡು ಹೋಗುವ ಹೆಲಿಕಾಪ್ಟರ್ ಅದು.

ಈ ವಲಯದಲ್ಲಿ ಕನ್ನಡದ ಹೆಸರೂ ಇದೆ. ಕೊಳ್ಳೇಗಾಲ ಮೂಲದ ಸ್ಕ್ವಾಡ್ರನ್ ಲೀಡರ್ ಆಶ್ರಿತಾ ಓಲೇಟಿ 2021ರಲ್ಲಿ ಬೆಂಗಳೂರಿನ ಟೆಸ್ಟ್ ಪೈಲಟ್ಸ್ ಸ್ಕೂಲ್‌ನಿಂದ ವಾಯುಪಡೆಯ ಮೊದಲ ಮಹಿಳಾ ಫ್ಲೈಟ್ ಟೆಸ್ಟ್ ಎಂಜಿನಿಯರ್, ಅಂದರೆ ಹಾರಾಟದ ಪರೀಕ್ಷೆಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಆಗಿ ಹೊರಬಂದರು.

ಯೂನಿಟ್‌ಗೆ ಬಂದ ಮೇಲೆ ದಿನದ ಕೆಲಸ

ರೆಕ್ಕೆ ಸಿಕ್ಕಿತು ಎಂದ ಮಾತ್ರಕ್ಕೆ ಕ್ಯಾಪ್ಟನ್ ಆಗುವುದಿಲ್ಲ. ಕೋ-ಪೈಲಟ್ ಆಗಿ ನೂರಾರು ಗಂಟೆ ಕಳೆಯಬೇಕು. ಹಗಲಿಗೆ ಒಂದು ಪರೀಕ್ಷೆ, ರಾತ್ರಿಗೆ ಇನ್ನೊಂದು, ಮೋಡದಲ್ಲಿ ಹೊರಗೆ ಏನೂ ಕಾಣದೆ ಮೀಟರ್ ನೋಡಿಯೇ ಹಾರುವುದಕ್ಕೆ ಮತ್ತೊಂದು. ಬೆಟ್ಟಪ್ರದೇಶಕ್ಕೆ ಬೇರೆಯೇ ತಾಲೀಮು. ಕೆಲವು ವಾರ ಹಾರದಿದ್ದರೆ ಮತ್ತೆ ಶಿಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಬೇಕು. ಎಲ್ಲವೂ ಲಾಗ್‌ಬುಕ್‌ನಲ್ಲಿ ದಾಖಲಾಗುತ್ತದೆ. ತಾರೀಖು, ಯಂತ್ರದ ನಂಬರು, ಯಾರು ಕ್ಯಾಪ್ಟನ್, ಎಷ್ಟು ಹೊತ್ತು. ಪೈಲಟ್‌ನ ಆಸ್ತಿ ಎಂದರೆ ಈ ಪುಸ್ತಕವೇ.

ಪಕ್ಕದ ಮನೆಯ ಹುಡುಗಿಯ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಗುಂಡು ಹಾರಿಸುವ ಅಪಾಚೆ, ರುದ್ರ, ಪ್ರಚಂಡದಂಥ ಹೆಲಿಕಾಪ್ಟರ್‌ಗಳೂ ಇವೆ. ಆದರೆ ಬಹುಪಾಲು ಕೆಲಸ ಸಾಗಿಸುವುದು, ಹುಡುಕುವುದು, ಎತ್ತಿಕೊಂಡು ಬರುವುದು. ಬಂಡೀಪುರಕ್ಕೆ 2019ರ ಫೆಬ್ರುವರಿಯಲ್ಲಿ ಬೆಂಕಿ ಬಿದ್ದಾಗ ಎಂಐ-17ಗಳು ಸಾವಿರಾರು ಲೀಟರ್ ಹಿಡಿಯುವ ಬಕೆಟ್ ನೇತುಹಾಕಿಕೊಂಡು ನೀರು ಸುರಿದದ್ದು ನೆನಪಿರಬಹುದು. ಅದೇ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿ ಹಂಪಿ ಎದುರಿನ ವಿರುಪಾಪುರ ಗಡ್ಡೆಯಲ್ಲಿ ಸಿಕ್ಕಿಬಿದ್ದ ಪ್ರವಾಸಿಗರನ್ನು ಕರೆತರಲೂ ಹೆಲಿಕಾಪ್ಟರ್ ಬರಬೇಕಾಯಿತು.

ಪ್ರವಾಹದಲ್ಲಿ ಸೂರಿನ ಮೇಲೆ ನಿಂತವರನ್ನು ಎತ್ತುವಾಗ ಏನಾಗುತ್ತದೆ ನೋಡಿ. ಹೆಲಿಕಾಪ್ಟರ್ ಸರಿಯಾಗಿ ಆ ಸೂರಿನ ಮೇಲೆ ನಿಲ್ಲಬೇಕು. ಹಾಗೆ ನಿಂತಾಗ ಪೈಲಟ್‌ಗೆ ಆ ಮನುಷ್ಯ ಕಾಣುವುದೇ ಇಲ್ಲ, ಆತ ನೇರ ಕಾಲಡಿಯಲ್ಲಿರುತ್ತಾನೆ. ಬಾಗಿಲಲ್ಲಿ ಮಂಡಿಯೂರಿದ ಸಹೋದ್ಯೋಗಿ ಹೊರಗೆ ತಲೆ ಹಾಕಿ ಹೇಳುತ್ತಾ ಹೋಗುತ್ತಾರೆ: ಮುಂದೆ ಐದು, ನಾಲ್ಕು, ಮೂರು, ಬಲಕ್ಕೆ ಎರಡು, ಸ್ಟೆಡಿ, ಸ್ಟೆಡಿ. ಪೈಲಟ್‌ನ ಕಣ್ಣು ದೂರದ ಒಂದು ತೆಂಗಿನ ಮರಕ್ಕೋ ಕಂಬಕ್ಕೋ ಅಂಟಿಕೊಂಡಿರುತ್ತದೆ, ಕಿವಿ ಈ ಧ್ವನಿಗೆ. ಕೆಳಗೆ ನೀರು ಹರಿಯುತ್ತಿದ್ದರೆ ಹರಿಯುತ್ತಿರುವುದು ನೀರೋ ತಾವೋ ಎಂಬ ಭ್ರಮೆ ಬೇರೆ. ವಿಂಚ್ ಎಂಬ ರಾಟೆಯ ತಂತಿ ಇಳಿದು, ಒಬ್ಬರನ್ನು ಕಟ್ಟಿಕೊಂಡು ಮೇಲೆ ಬರುವವರೆಗೆ ಅಲುಗಾಡುವಂತಿಲ್ಲ. ಮುಗಿಯಿತು ಎಂದರೆ ಸೂರಿನ ಮೇಲೆ ಇನ್ನೊಬ್ಬರು.

2021ರ ಆಗಸ್ಟ್‌ನಲ್ಲಿ ಮಧ್ಯಪ್ರದೇಶದ ಪ್ರವಾಹದಲ್ಲಿ ವಾಯುಪಡೆಯ ಹೆಲಿಕಾಪ್ಟರ್ ಪೈಲಟ್ ದೀಪಿಕಾ ಮಿಶ್ರಾ ಎಂಟು ದಿನ ಮಾಡಿದ್ದು ಇದನ್ನೇ. 47 ಜೀವ ಉಳಿಯಿತು. 2023ರ ಏಪ್ರಿಲ್‌ನಲ್ಲಿ ಅವರಿಗೆ ಶೌರ್ಯಕ್ಕಾಗಿ ವಾಯುಸೇನಾ ಪದಕ ಬಂತು. ವಾಯುಪಡೆಯ ಮಹಿಳಾ ಅಧಿಕಾರಿಯೊಬ್ಬರಿಗೆ ಶೌರ್ಯ ಪದಕ ಸಿಕ್ಕಿದ್ದು ಅದೇ ಮೊದಲು.

ಸಂಬಳದ ಮಾತೂ ಆಗಲಿ. ಮೂಲವೇತನ ತಿಂಗಳಿಗೆ ₹56,100ರಿಂದ ಶುರು, ಅದರ ಮೇಲೆ ಸೇನಾ ಭತ್ಯೆ ₹15,500, ಹಾರುವವರಿಗೆ ಹಾರಾಟದ ಭತ್ಯೆ. ತುಟ್ಟಿಭತ್ಯೆ ಬೇರೆ. ಗಂಡಿಗೂ ಹೆಣ್ಣಿಗೂ ಒಂದೇ. ಜೊತೆಗೆ ಉಚಿತವಾಗಿ ಬರುವುದು ಬೆನ್ನುನೋವು. ಹೆಲಿಕಾಪ್ಟರ್ ಹಾರಿಸುವವರನ್ನು ಜಗತ್ತಿನ ಎಲ್ಲ ಸೇನೆಗಳಲ್ಲೂ ಅದು ಕಾಡುತ್ತದೆ, ಆ ನಡುಕದ ಮೇಲೆ ಗಂಟೆಗಟ್ಟಲೆ ಬಾಗಿ ಕೂರಬೇಕಲ್ಲ.

ಗಾಳಿ ತೆಳುವಾದ ಕಡೆ

18,000 ಅಡಿ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ. ರೋಟರ್‌ಗೆ ತಳ್ಳಲು ಗಾಳಿ ಕಡಿಮೆ, ಎಂಜಿನ್‌ಗೆ ಉಸಿರು ಕಡಿಮೆ, ಪೈಲಟ್‌ಗೂ ಕಡಿಮೆ. ಚೀತಾದ ಒಳಗೆ ಪ್ರಯಾಣಿಕ ವಿಮಾನದ ಹಾಗೆ ಒತ್ತಡ ಕಾಯುವ ವ್ಯವಸ್ಥೆ ಇಲ್ಲ, ಆಮ್ಲಜನಕದ ಮಾಸ್ಕ್ ಹಾಕಿಕೊಳ್ಳಬೇಕು. ಸಿಯಾಚಿನ್‌ನ ಅತಿ ಎತ್ತರದ ಠಾಣೆಗಳಿಗೆ ಚೀತಾ ಹೊರಬಲ್ಲದ್ದು ಕೆಲವೊಮ್ಮೆ ಒಂದೆರಡು ಕ್ಯಾನ್ ಸೀಮೆಎಣ್ಣೆ ಅಷ್ಟೇ. ಊಟದ ಮೇಜಿಗಿಂತ ಸ್ವಲ್ಪ ದೊಡ್ಡದೆನ್ನುವ ಜಾಗದಲ್ಲಿ ಇಳಿದು, ರೋಟರ್ ನಿಲ್ಲಿಸದೆಯೇ ಸಾಮಾನು ತಳ್ಳಿ, ಮತ್ತೆ ಏಳಬೇಕು. ಎಂಜಿನ್ ಆರಿಸಿದರೆ ಆ ಚಳಿಯಲ್ಲಿ ಮತ್ತೆ ಹತ್ತುತ್ತದೆ ಎಂಬ ಭರವಸೆ ಇಲ್ಲ.

1999ರ ಕಾರ್ಗಿಲ್ ಯುದ್ಧದಲ್ಲಿ ಇದೇ ಚೀತಾವನ್ನು ಫ್ಲೈಟ್ ಲೆಫ್ಟಿನೆಂಟ್‌ಗಳಾದ ಶ್ರೀವಿದ್ಯಾ ರಾಜನ್ ಮತ್ತು ಗುಂಜನ್ ಸಕ್ಸೇನಾ ಹಾರಿಸಿದರು. ಯುದ್ಧಭೂಮಿಯ ಮೇಲೆ ಹಾರಿದ ಭಾರತದ ಮೊದಲ ಮಹಿಳಾ ಪೈಲಟ್‌ಗಳು ಇವರಿಬ್ಬರು. ಗುಂಜನ್ ಹೆಸರು ಮನೆಮಾತಾಯಿತು, ಕೇರಳದ ಶ್ರೀವಿದ್ಯಾ ಹೆಸರು ಅಷ್ಟಾಗಿ ಕೇಳಿಬರಲಿಲ್ಲ. ಗಾಯಾಳುಗಳನ್ನು ತರುವುದು, ಮುಂಚೂಣಿಗೆ ಸಾಮಗ್ರಿ ಒಯ್ಯುವುದು, ಶತ್ರು ಎಲ್ಲಿ ಅಡಗಿದ್ದಾನೆ ಎಂದು ಗುರುತಿಸಿ ಹೇಳುವುದು ಇವರ ಕೆಲಸ. ಆ ಚೀತಾಗಳಲ್ಲಿ ಆಯುಧ ಇರಲಿಲ್ಲ. ಮೇ 28ರಂದು ತೋಲೋಲಿಂಗ್ ಬಳಿ ಭುಜದ ಮೇಲಿಂದ ಹಾರಿಸುವ ಕ್ಷಿಪಣಿಗೆ ವಾಯುಪಡೆಯ ಎಂಐ-17 ಸಿಕ್ಕಿ ಅದರಲ್ಲಿದ್ದ ನಾಲ್ವರೂ ತೀರಿಕೊಂಡರು. ಅದೇ ಕಣಿವೆಗಳಲ್ಲಿ, ಅದೇ ದಿನಗಳಲ್ಲಿ, ಈ ಪುಟ್ಟ ಯಂತ್ರಗಳು ಓಡಾಡುತ್ತಿದ್ದವು.

ಗುಂಜನ್ 2004ರಲ್ಲಿ ಸೇವೆಯಿಂದ ಹೊರಬಂದರು. ಯುದ್ಧ ಕಂಡ ಪೈಲಟ್‌ಗೂ ಆಗ ಇದ್ದದ್ದು ಶಾರ್ಟ್ ಸರ್ವಿಸ್ ಮಾತ್ರ.

ಹದಿನಾಲ್ಕು ವರ್ಷದ ಗೋಡೆ

ಈಗ ಮೂರನೆಯ ಪ್ರಶ್ನೆ. 1994ರ ಸೆಪ್ಟೆಂಬರ್ 2ರಂದು ಹರಿತಾ ಕೌರ್ ದೇವಲ್ ಆವ್ರೋ ವಿಮಾನವನ್ನು ಒಬ್ಬರೇ ಹಾರಿಸಿದರು. ಅಲ್ಲಿಂದ ಮುಂದೆ ಹೆಣ್ಣುಮಕ್ಕಳು ಟ್ರಾನ್ಸ್‌ಪೋರ್ಟ್ ಮತ್ತು ಹೆಲಿಕಾಪ್ಟರ್ ಕವಲುಗಳಿಗೆ ಬರುತ್ತಲೇ ಇದ್ದಾರೆ. ಫೈಟರ್ ಬಾಗಿಲು ತೆರೆಯಲು 2015ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಆದರೆ ಬಂದವರೆಲ್ಲ ಶಾರ್ಟ್ ಸರ್ವಿಸ್.

ಇದರ ಪರಿಣಾಮ ನೋಡಲು ಆ ಎರಡು ಅಂಕಿ ಪಕ್ಕಪಕ್ಕ ಇಡಿ. ಹದಿಮೂರನೇ ವರ್ಷಕ್ಕೆ ವಿಂಗ್ ಕಮಾಂಡರ್, ಹದಿನಾಲ್ಕಕ್ಕೆ ವಿದಾಯ. ಯೂನಿಟ್‌ಗಳ ನಾಯಕತ್ವ ಸಿಗುವುದು ಅದರ ನಂತರದ ವರ್ಷಗಳಲ್ಲಿ. ಅಧಿಕಾರಿಗೆ ಪಿಂಚಣಿ ಬರಬೇಕಾದರೆ ಕನಿಷ್ಠ 20 ವರ್ಷ ಸೇವೆ ಆಗಿರಬೇಕು. ಹೀಗೆ ನಾಯಕತ್ವ, ಪಿಂಚಣಿ ಎರಡೂ ಗೋಡೆಯ ಆಚೆಗಿದ್ದವು. ಎಷ್ಟು ಚೆನ್ನಾಗಿ ಹಾರಿಸುತ್ತೀರಿ ಎಂಬುದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಮೂವತ್ತೈದು ದಾಟುತ್ತಿದ್ದ ಹಾಗೆ, ಕೈ ಚೆನ್ನಾಗಿ ಪಳಗಿದ ಹೊತ್ತಿಗೆ, ಗ್ರಾಚ್ಯುಟಿ ತೆಗೆದುಕೊಂಡು ಬೇರೆ ಕೆಲಸ ಹುಡುಕಬೇಕು. ಒಬ್ಬ ಪೈಲಟ್‌ನ ತರಬೇತಿಗೆ ಸರ್ಕಾರ ಸುರಿಯುವ ಹಣದ ದೃಷ್ಟಿಯಿಂದ ನೋಡಿದರೂ ಇದು ವಿಚಿತ್ರ ಏರ್ಪಾಡು ಎನಿಸುತ್ತದೆ.

ಗೋಡೆಗೆ ಮೊದಲ ಬಿರುಕು ಬಿಟ್ಟದ್ದು ನ್ಯಾಯಾಲಯದಲ್ಲಿ. 2010ರ ಮಾರ್ಚ್‌ನಲ್ಲಿ ದಿಲ್ಲಿ ಹೈಕೋರ್ಟ್ ಮಹಿಳಾ ಅಧಿಕಾರಿಗಳ ಪರ್ಮನೆಂಟ್ ಕಮಿಷನ್ ಪರ ತೀರ್ಪು ಕೊಟ್ಟಿತು. ಭೂಸೇನೆಯ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ 2020ರ ಫೆಬ್ರುವರಿ 17ರಂದು ಅಲ್ಲೂ ಎತ್ತಿಹಿಡಿಯಲ್ಪಟ್ಟಿತು. ವಾಯುಪಡೆಯ ಫ್ಲೈಯಿಂಗ್ ಬ್ರಾಂಚ್‌ನಲ್ಲಿ ಪರ್ಮನೆಂಟ್ ಕಮಿಷನ್ ಪಡೆದ ಮೊದಲ ಮಹಿಳೆ ಹೆಲಿಕಾಪ್ಟರ್ ಪೈಲಟ್ ಶಾಲಿಜಾ ಧಾಮಿ. 2003ರಲ್ಲಿ ಸೇರಿದ ಲೂಧಿಯಾನದ ಈಕೆ ಚೇತಕ್, ಚೀತಾ ಹಾರಿಸಿದವರು, ಶಿಕ್ಷಕಿಯಾದವರು. 2019ರ ಆಗಸ್ಟ್‌ನಲ್ಲಿ ಹಿಂಡನ್‌ನ ಚೇತಕ್ ಯೂನಿಟ್‌ಗೆ ಫ್ಲೈಟ್ ಕಮಾಂಡರ್, ಅಂದರೆ ಯೂನಿಟ್‌ನ ಎರಡನೇ ಸ್ಥಾನ. 2023ರಲ್ಲಿ ಗ್ರೂಪ್ ಕ್ಯಾಪ್ಟನ್ ಆಗಿ ಪಶ್ಚಿಮ ಗಡಿಯ ಕ್ಷಿಪಣಿ ಯೂನಿಟ್‌ನ ಮುಖ್ಯಸ್ಥೆಯಾಗಿ ನೇಮಕವಾದರು. ವಾಯುಪಡೆಯ ಮುಂಚೂಣಿ ಯುದ್ಧ ಯೂನಿಟ್‌ಗೆ ಮಹಿಳೆಯೊಬ್ಬರು ಮುಖ್ಯಸ್ಥರಾದದ್ದು ಅದೇ ಮೊದಲು. ಗೋಡೆ ಇದ್ದಿದ್ದರೆ ಈ ವಾಕ್ಯಗಳಲ್ಲಿ ಕೊನೆಯ ಮೂರನ್ನು ಬರೆಯುವಂತಿರಲಿಲ್ಲ.

ವ್ಯೋಮಿಕಾ ಸೇರಿದ್ದು 2004ರಲ್ಲಿ, ಎನ್‌ಸಿಸಿಯ ಹಿನ್ನೆಲೆಯಿಂದ. ಪರ್ಮನೆಂಟ್ ಕಮಿಷನ್ ಸಿಕ್ಕಿದ್ದು 2019ರ ಡಿಸೆಂಬರ್‌ನಲ್ಲಿ. ಹಳೆಯ ಲೆಕ್ಕವೇ ನಡೆದಿದ್ದರೆ 2025ರ ಮೇ 7ರಂದು ಅವರು ಸಮವಸ್ತ್ರದಲ್ಲಿ ಇರುತ್ತಿರಲಿಲ್ಲ.

ಈಗಲೂ ಎಎಫ್‌ಕ್ಯಾಟ್ ಮೂಲಕ ಸೇರುವ ಪೈಲಟ್‌ಗೆ, ಗಂಡಾಗಲಿ ಹೆಣ್ಣಾಗಲಿ, ಸಿಗುವುದು 14 ವರ್ಷದ ಶಾರ್ಟ್ ಸರ್ವಿಸ್ಸೇ. ಕಾಯಂ ಆಗುವುದು ಹುದ್ದೆಗಳ ಸಂಖ್ಯೆ, ಅರ್ಹತೆ, ಇಷ್ಟದ ಮೇಲೆ ನಿಂತಿದೆ. ತಾನಾಗಿ ಬರುವುದಿಲ್ಲ.

ಭೂಸೇನೆ, ನೌಕಾಪಡೆ

ಇವೆರಡರಲ್ಲೂ ಸ್ವಂತ ಹೆಲಿಕಾಪ್ಟರ್‌ಗಳಿವೆ, ಹೆಣ್ಣುಮಕ್ಕಳು ಬಂದದ್ದು ಮಾತ್ರ ಬಹಳ ತಡವಾಗಿ. ಭೂಸೇನೆಯ ಏವಿಯೇಷನ್ ಕೋರ್ 1986ರಲ್ಲಿ ಹುಟ್ಟಿತು. ಅದರಲ್ಲಿ ಮಹಿಳಾ ಅಧಿಕಾರಿಗಳು ನೆಲದ ಕೆಲಸಕ್ಕೆ ಸೀಮಿತವಾಗಿದ್ದರು. ನಾಸಿಕ್‌ನ ಶಾಲೆಯಲ್ಲಿ ಕಲಿತು 2022ರ ಮೇ 25ರಂದು ರೆಕ್ಕೆ ಪಡೆದ ಕ್ಯಾಪ್ಟನ್ ಅಭಿಲಾಷಾ ಬರಾಕ್ ಅಲ್ಲಿನ ಮೊದಲ ಮಹಿಳಾ ಯುದ್ಧ ಪೈಲಟ್. ನೌಕಾಪಡೆಯಲ್ಲಿ 2020ರಲ್ಲಿ ಕುಮುದಿನಿ ತ್ಯಾಗಿ ಮತ್ತು ರೀತಿ ಸಿಂಗ್ ಯುದ್ಧನೌಕೆಯ ಹೆಲಿಕಾಪ್ಟರ್‌ನಲ್ಲಿ ಸೆನ್ಸರ್ ನೋಡಿಕೊಳ್ಳುವ ಅಬ್ಸರ್ವರ್‌ಗಳಾದರು. ಮೊದಲ ಮಹಿಳಾ ಹೆಲಿಕಾಪ್ಟರ್ ಪೈಲಟ್ ಬಂದದ್ದು 2024ರ ಜೂನ್‌ನಲ್ಲಿ, ತಮಿಳುನಾಡಿನ ಅರಕ್ಕೋಣಂನ ಐಎನ್‌ಎಸ್ ರಾಜಾಳಿಯಿಂದ. ಹೆಸರು ಅನಾಮಿಕಾ ರಾಜೀವ್. ಹಡಗಿನ ಮೇಲೆ ಇಳಿಯುವುದು ಇನ್ನೊಂದೇ ಲೋಕ. ಇಳಿಯುವ ಜಾಗವೇ ಏಳುತ್ತಾ ಬೀಳುತ್ತಾ ಇರುತ್ತದೆ.

ಅಮ್ಮಂದಿರು ಕೇಳುವ ಪ್ರಶ್ನೆ

ಮದುವೆ, ಮಕ್ಕಳು? ತರಬೇತಿ ಮುಗಿದ ಮೇಲೆ ಮದುವೆಗೆ ಅಡ್ಡಿಯಿಲ್ಲ. ಗರ್ಭಿಣಿಯಾದಾಗ ಹಾರಾಟ ನಿಲ್ಲುತ್ತದೆ, ನೆಲದ ಕೆಲಸ ಕೊಡುತ್ತಾರೆ. ಹೆರಿಗೆ ರಜೆ 180 ದಿನ. ಆಮೇಲೆ ವೈದ್ಯಕೀಯ ಪರೀಕ್ಷೆ, ಶಿಕ್ಷಕರ ಜೊತೆ ಮರುಹಾರಾಟ, ಹಂತಹಂತವಾಗಿ ವಾಪಸ್ಸು. ಕಷ್ಟ ಇರುವುದು ಲಾಗ್‌ಬುಕ್‌ನಲ್ಲಿ. ಒಂದೂವರೆ ವರ್ಷ ಗಂಟೆ ಕೂಡದಿದ್ದರೆ ಕ್ಯಾಪ್ಟನ್ ಪರೀಕ್ಷೆ, ಶಿಕ್ಷಕರ ಕೋರ್ಸ್ ಅಷ್ಟು ಹಿಂದೆ ಬೀಳುತ್ತವೆ. ಎರಡು-ಮೂರು ವರ್ಷಕ್ಕೊಮ್ಮೆ ವರ್ಗಾವಣೆ ಬೇರೆ. ಗಂಡನೂ ಸೇನೆಯಲ್ಲಿದ್ದರೆ ಇಬ್ಬರಿಗೂ ಒಂದೇ ಊರು ಸಿಗುವುದು ಅದೃಷ್ಟದ ಮಾತು.

ಇದನ್ನೆಲ್ಲ ನಾನು ಆ ಹುಡುಗಿಗೆ ಎರಡು ಸಂಜೆ ಕೂತು ಹೇಳಿದೆ. ಆಟೋರೊಟೇಷನ್ ಕೇಳುವಾಗ ಅವಳು ಮಹಾಗನಿ ಬೀಜ ಹುಡುಕಿಕೊಂಡು ಬಂದು ಟೆರೇಸಿನಿಂದ ಬಿಟ್ಟು ನೋಡಿದಳು. ಸಿಪಿಎಸ್‌ಎಸ್ ಒಂದೇ ಸಲ ಎಂದಾಗ ಮುಖ ಸ್ವಲ್ಪ ಇಳಿಯಿತು. ಕೊನೆಗೆ ಅವಳಪ್ಪ ಬಾಗಿಲ ಪಕ್ಕದ ಗೋಡೆಗೆ ಅವಳನ್ನು ನಿಲ್ಲಿಸಿ, ತಲೆ ಮೇಲೆ ಭೌತವಿಜ್ಞಾನದ ಪುಸ್ತಕ ಇಟ್ಟು, ಪೆನ್ಸಿಲ್‌ನಲ್ಲಿ ಗೆರೆ ಎಳೆದು ಅಳೆದರು. 161. ಮತ್ತೆ ಅಳೆಯಿರಿ, ಜಡೆ ಬಿಚ್ಚಿ ನಿಲ್ಲುತ್ತೇನೆ ಎಂದಳು. ಜಡೆ ಬಿಚ್ಚಿದರೆ ಕಡಿಮೆಯಾಗುತ್ತದೆ ಕಣೇ ಎಂದು ಅವಳಮ್ಮ ಒಳಗಿನಿಂದ ಕೂಗಿದರು.